ಕೆಟಲ್ ಒಳಗಿನ ಬಿಳಿ ಪದರ: ಅದರಿಂದ ಹಾನಿ ಇದೆಯೇ, ತೆಗೆಯುವುದು ಹೇಗೆ?

ರೋಗಿ ಇರುವ ಮನೆಯಲ್ಲಿ ಎಲೆಕ್ಟ್ರಿಕ್ ಕೆಟಲ್‌ಗೆ ಬಿಡುವಿಲ್ಲ. ಮಾತ್ರೆಗೆ ಬಿಸಿನೀರು, ಗಂಜಿಗೆ ಬಿಸಿನೀರು, ಫ್ಲಾಸ್ಕ್ ತುಂಬಲು, ಬಾಯಿ ಮುಕ್ಕಳಿಸಲು ಹೀಗೆ ದಿನಕ್ಕೆ ಐದಾರು ಬಾರಿ ಅದು ಕುದಿಯುತ್ತದೆ. ಕೆಲವೇ ವಾರಗಳಲ್ಲಿ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಒಂದು ದಿನ ಲೋಟದ ನೀರಿನಲ್ಲಿ ಬಿಳಿ ಚೂರುಗಳು ತೇಲುತ್ತವೆ. ಆಗ ಮನೆಯಲ್ಲಿ ಎರಡು ಮಾತು ಬರುತ್ತವೆ: "ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ" ಮತ್ತು "ಬಾತ್‌ರೂಮಿನ ಆಸಿಡ್ ಸ್ವಲ್ಪ ಹಾಕಿ ತೊಳೆದುಬಿಡಿ".

ಮೊದಲನೆಯದು ಅನಗತ್ಯ ಭಯ. ಎರಡನೆಯದು ನಿಜವಾದ ಅಪಾಯ. ಈ ಪದರ ವಿಷವಲ್ಲ. ಆದರೂ ಅದನ್ನು ಆಗಾಗ ತೆಗೆಯಲೇಬೇಕು, ಏಕೆಂದರೆ ಪದರ ದಪ್ಪವಾದರೆ ಕೆಟಲ್ ನೀರನ್ನು ಸರಿಯಾಗಿ ಕುದಿಸದೇ ಇರಬಹುದು. ತೆಗೆಯಲು ಅಡುಗೆಮನೆಯ ಹುಳಿ ಪದಾರ್ಥವೇ ಸಾಕು.

ಈ ಪದರ ಎಲ್ಲಿಂದ ಬರುತ್ತದೆ?

ನೀರು ಮಣ್ಣು, ಬಂಡೆಗಳ ನಡುವೆ ಇಳಿಯುವಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇವು ಹೆಚ್ಚಿದ್ದರೆ ಅದನ್ನು ಗಡಸು ನೀರು ಎನ್ನುತ್ತೇವೆ. ಸೋಪು ನೊರೆ ಬರದಿರುವುದು, ನಲ್ಲಿಯ ಮೇಲೆ ಬಿಳಿ ಕಲೆ ಕೂರುವುದು, ಬಕೆಟ್‌ಗೆ ಬಿಳಿ ಅಂಚು ಕಟ್ಟುವುದು ಅದರ ಗುರುತುಗಳು.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆಯುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಕೆಳಗೆ ಕೂರುತ್ತದೆ. ಸುಣ್ಣದಕಲ್ಲು ಮತ್ತು ಮೊಟ್ಟೆಯ ಚಿಪ್ಪಿನಲ್ಲಿ ಇರುವುದೂ ಮುಖ್ಯವಾಗಿ ಇದೇ.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಐಎಸ್ 10500:2012ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ನೀರಿನ ಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಒಪ್ಪಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ನೀರಿನ ಗಡಸುತನ 300 ಮಿಲಿಗ್ರಾಂ, ಕುದಿಸಿದಾಗ ಅದರಲ್ಲಿ ಅರ್ಧ ಬೇರ್ಪಡುತ್ತದೆ, ದಿನಕ್ಕೆ 4 ಲೀಟರ್ ಕುದಿಸುತ್ತೀರಿ ಎಂದುಕೊಳ್ಳಿ. ತಿಂಗಳಿಗೆ ಸುಮಾರು 18 ಗ್ರಾಂ ಸುಣ್ಣ ಆಯಿತು. ಒಂದಷ್ಟು ನೀರಿನ ಜೊತೆ ಲೋಟಕ್ಕೆ ಹೋಗುತ್ತದೆ, ಉಳಿದದ್ದು ಕೆಟಲ್‌ಗೆ ಅಂಟುತ್ತದೆ.

ಊರು ಬದಲಾದರೆ ಪದರವೂ ಬದಲಾಗುತ್ತದೆ. ಮುಂಬೈಗೆ ಭಾತ್ಸಾ, ವೈತರಣಾ, ತಾನ್ಸಾ ಮುಂತಾದ ಜಲಾಶಯಗಳಿಂದ ಬರುವ ಪಾಲಿಕೆ ನೀರು ಮೆದು, ಅಲ್ಲಿ ಪದರ ನಿಧಾನವಾಗಿ ಕಟ್ಟುತ್ತದೆ. ಪುಣೆಯಲ್ಲಿ ಖಡಕ್‌ವಾಸ್ಲಾ ಕಡೆಯ ಪಾಲಿಕೆ ನೀರು ಒಂದು ಬಗೆ, ಊರಂಚಿನ ಸೊಸೈಟಿಗಳ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಇನ್ನೊಂದು ಬಗೆ. ಹೈದರಾಬಾದ್, ಚೆನ್ನೈ, ದೆಹಲಿಯಲ್ಲಿಯೂ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಪದರ ಬೇಗ ಕಟ್ಟುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಬರಲು ಶುರುವಾದ ಮೇಲೆ ಕೆಟಲ್ ಬೇಗ ಬೆಳ್ಳಗಾಗುತ್ತಿದೆ ಎಂದರೆ ಕಾರಣ ನೀರಿನಲ್ಲಿದೆ, ಕೆಟಲ್‌ನಲ್ಲಿ ಅಲ್ಲ.

ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆಯೇ?

ಆಗುತ್ತದೆ ಎನ್ನಲು ಆಧಾರವಿಲ್ಲ. ಕೆಟಲ್‌ನಲ್ಲಿ ಕಲ್ಲಿನಂಥ ವಸ್ತು ಕಾಣುವುದರಿಂದ ಹೊಟ್ಟೆಯಲ್ಲೂ ಹಾಗೆಯೇ ಆಗುತ್ತದೆ ಎಂದು ಅನಿಸುವುದು ಸಹಜ. ಆದರೆ ನುಂಗಿದ ಸುಣ್ಣದ ಚೂರು ಜಠರದ ಆಮ್ಲದಲ್ಲಿ ಕರಗಿಹೋಗುತ್ತದೆ, ಅದು ಹಾಗೆಯೇ ಮೂತ್ರಪಿಂಡಕ್ಕೆ ಹೋಗುವುದಿಲ್ಲ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಅವು ಮೂತ್ರ ಗಟ್ಟಿಯಾದಾಗ ಹುಟ್ಟುತ್ತವೆ. ಕಡಿಮೆ ನೀರು ಕುಡಿಯುವುದು, ಊಟದಲ್ಲಿ ಉಪ್ಪು ಜಾಸ್ತಿಯಾಗುವುದು, ವಂಶದಲ್ಲಿ ಕಲ್ಲಿನ ತೊಂದರೆ ಇರುವುದು ಇದಕ್ಕೆ ಮುಖ್ಯ ಕಾರಣಗಳು. ವಿಶ್ವ ಆರೋಗ್ಯ ಸಂಸ್ಥೆ ನೀರಿನ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ನಿಗದಿ ಮಾಡಿಲ್ಲ.

ಬಿಳಿ ಚೂರುಗಳಿಗೆ ಹೆದರಿ ಮನೆಯ ಹಿರಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ. ಜೊತೆಗೆ ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು ಬರಬಹುದು. ನೀರನ್ನು ಹತ್ತು ನಿಮಿಷ ಹಾಗೆಯೇ ಬಿಟ್ಟರೆ ಚೂರುಗಳು ತಳಕ್ಕೆ ಇಳಿಯುತ್ತವೆ. ಮೇಲಿನ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಕೊಡಿ. ಈಗಾಗಲೇ ಕಲ್ಲಿನ ತೊಂದರೆ ಇರುವವರು, ಡಯಾಲಿಸಿಸ್‌ನಲ್ಲಿ ಇರುವವರು, ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ಎಷ್ಟು ನೀರು ಕುಡಿಯಬೇಕು ಎಂಬುದನ್ನು ತಮ್ಮ ವೈದ್ಯರು ಹೇಳಿದಂತೆಯೇ ಪಾಲಿಸಬೇಕು.

ವಿಷವಲ್ಲದಿದ್ದರೆ ತೆಗೆಯುವುದು ಏಕೆ?

ಸುಣ್ಣದ ಪದರ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ಅದು ದಪ್ಪವಾದಂತೆ ತಳದ ಕಾಯಿಲ್‌ನ ಬಿಸಿ ನೀರಿಗೆ ಹೋಗದೆ ಅಲ್ಲೇ ಉಳಿಯುತ್ತದೆ, ತಳದ ಲೋಹ ಅತಿಯಾಗಿ ಕಾಯುತ್ತದೆ. ನೀರಿಲ್ಲದೆ ಕೆಟಲ್ ಸುಟ್ಟುಹೋಗದಿರಲಿ ಎಂದು ತಳದಲ್ಲಿ ಒಂದು ಸುರಕ್ಷಾ ಸ್ವಿಚ್ ಇರುತ್ತದೆ. ಅತಿಯಾದ ಬಿಸಿಯನ್ನು ಕಂಡು ಅದು "ಒಳಗೆ ನೀರಿಲ್ಲ" ಎಂಬಂತೆ ವಿದ್ಯುತ್ ಕಡಿದುಬಿಡಬಹುದು. ಟಕ್ ಎಂದು ಶಬ್ದ ಬರುತ್ತದೆ, ದೀಪ ಆರುತ್ತದೆ, ನೀವು ನೀರು ಕುದಿಯಿತು ಎಂದುಕೊಳ್ಳುತ್ತೀರಿ. ನೀರು ಬಿಸಿಯಾಗಿರುತ್ತದೆ, ಕುದಿದಿರುವುದಿಲ್ಲ.

ಆರೋಗ್ಯವಂತರಿಗೆ ಇದರಿಂದ ದೊಡ್ಡ ವ್ಯತ್ಯಾಸ ಆಗದಿರಬಹುದು. ಕೀಮೋಥೆರಪಿ ಪಡೆಯುತ್ತಿರುವವರಿಗೆ, ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ, ಸಣ್ಣ ಮಕ್ಕಳಿಗೆ "ಕುದಿಸಿದ ನೀರನ್ನೇ ಕೊಡಿ" ಎಂದು ವೈದ್ಯರು ಹೇಳಿದ್ದರೆ ಅದು ಬಹಳ ಮುಖ್ಯ. ಶಬ್ದವನ್ನು ನಂಬಬೇಡಿ. ನೀರು ಕೊತಕೊತ ಕುದಿಯುವುದನ್ನು ಕಣ್ಣಾರೆ ನೋಡಿ. ಒಂದು ನಿಮಿಷ ಕುದಿಸಿ ಎಂದು ವೈದ್ಯರು ಹೇಳಿದ್ದರೆ, ಕುದಿ ಬಂದ ಕೂಡಲೇ ಆಫ್ ಆಗುವ ಕೆಟಲ್‌ಗಿಂತ ಒಲೆಯ ಮೇಲಿನ ಪಾತ್ರೆಯೇ ಸರಿ.

ನೀರು ಕುದಿಯುವ ಮೊದಲೇ ಆಫ್ ಆಗುವುದು, ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಒಳಗಿನಿಂದ ಜೋರಾಗಿ ಗುಡುಗುಡು ಸದ್ದು ಬರುವುದು ಪದರ ದಪ್ಪವಾಗಿರುವ ಲಕ್ಷಣಗಳು.

ಮೊದಲು ಒಂದು ಪರೀಕ್ಷೆ

ಎಲ್ಲ ಕಲೆಯೂ ಸುಣ್ಣವಲ್ಲ. ಕೆಟಲ್ ತಣ್ಣಗಿರುವಾಗ, ಪ್ಲಗ್ ತೆಗೆದು, ಬಿಳಿ ಪದರದ ಮೇಲೆ ಎರಡು ಹನಿ ನಿಂಬೆರಸ ಬಿಡಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣ, ಹುಳಿಗೆ ಕರಗುತ್ತದೆ. ಕೆಂಪು ಅಥವಾ ಕಂದು ಕಲೆ ಸಾಮಾನ್ಯವಾಗಿ ನೀರಿನಲ್ಲಿರುವ ಕಬ್ಬಿಣದ ಅಂಶದಿಂದ ಬರುತ್ತದೆ. ಒಳಗಿನ ಲೇಪನವೇ ಸಿಪ್ಪೆಯಂತೆ ಏಳುತ್ತಿದ್ದರೆ, ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ, ತಳದಿಂದ ನೀರು ಸೋರುತ್ತಿದ್ದರೆ ಅದನ್ನು ತೊಳೆದು ಪ್ರಯೋಜನವಿಲ್ಲ. ಆ ಕೆಟಲ್ ಬದಲಿಸಿ.

ಏನು ತರಬೇಕು? ಅಂಗಡಿಯಲ್ಲಿ ಏನೆಂದು ಕೇಳಬೇಕು?

ಎಲ್ಲಕ್ಕಿಂತ ಅನುಕೂಲವಾದದ್ದು ಸಿಟ್ರಿಕ್ ಆಸಿಡ್, ಅಂದರೆ ನಮ್ಮ ನಿಂಬೆ ಉಪ್ಪು. ಸಕ್ಕರೆ ಹರಳಿನಂತೆ ಕಾಣುತ್ತದೆ, ವಾಸನೆ ಇಲ್ಲ, ದಿನಸಿ ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುತ್ತದೆ. ದೆಹಲಿಯಲ್ಲಿ "ನಿಂಬೂ ಕಾ ಸತ್", ಮುಂಬೈ-ಪುಣೆಯಲ್ಲಿ "ಲಿಂಬೂ ಸತ್ವ", ಚೆನ್ನೈಯಲ್ಲಿ "ಎಲುಮಿಚ್ಚೈ ಉಪ್ಪು" ಎಂದು ಕೇಳಿ. ಹೈದರಾಬಾದಿನಲ್ಲಿ "ನಿಮ್ಮ ಉಪ್ಪು" ಎನ್ನಬೇಕು, ತೆಲುಗಿನಲ್ಲಿ ನಿಮ್ಮ ಎಂದರೆ ನಿಂಬೆ. ಹೆಸರು ಏನೇ ಇರಲಿ, ಪೊಟ್ಟಣದ ಮೇಲೆ ಸಿಟ್ರಿಕ್ ಆಸಿಡ್ ಎಂದು ಬರೆದಿದೆಯೇ ನೋಡಿಕೊಳ್ಳಿ. ಬಿಡಿಯಾಗಿ ಕಟ್ಟಿಕೊಟ್ಟ, ಹೆಸರಿಲ್ಲದ ಬಿಳಿ ಪುಡಿ ಬೇಡ.

ತೆಗೆಯುವ ವಿಧಾನ

1. ಕೆಟಲ್ ತಣ್ಣಗಾಗಲಿ. ಹಳೆಯ ನೀರು ಚೆಲ್ಲಿ, ಸಡಿಲವಾಗಿರುವ ಚೂರುಗಳನ್ನು ತೊಳೆದು ತೆಗೆಯಿರಿ.

2. ಪದರ ಮುಳುಗುವಷ್ಟು ನೀರು ಹಾಕಿ. 1.5 ಲೀಟರಿನ ಕೆಟಲ್‌ಗೆ ಮುಕ್ಕಾಲು ಲೀಟರ್ ಸಾಕು. ಪೂರ್ತಿ ತುಂಬಬೇಡಿ, ನೊರೆ ಉಕ್ಕಲು ಜಾಗ ಬೇಕು.

3. ನೀರನ್ನು ಬಿಸಿ ಮಾಡಿ, ಕುದಿ ಬರುವ ಮುಂಚೆ ಆಫ್ ಮಾಡಿ ಪ್ಲಗ್ ತೆಗೆಯಿರಿ. ಐದು ನಿಮಿಷ ಬಿಡಿ.

4. ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ ನಿಂಬೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕುದಿಯುವ ನೀರಿಗೆ ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಕೈ ಸುಡಬಹುದು. ಮುಖವನ್ನು ಕೆಟಲ್ ಬಾಯಿಯ ಮೇಲೆ ತರಬೇಡಿ.

5. ಅರ್ಧ ಗಂಟೆ ಬಿಡಿ. ಗುಳ್ಳೆ ಏಳುವುದು ನಿಂತರೆ ಹುಳಿಯ ಕೆಲಸ ಮುಗಿಯಿತು ಎಂದರ್ಥ. ಮಧ್ಯೆ ಮತ್ತೆ ಕುದಿಸಬೇಡಿ. ಈ ಕ್ರಿಯೆಯಲ್ಲಿ ಉಂಟಾಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಂತೆ ಕಡಿಮೆ ಕರಗುತ್ತದೆ, ಬಿಳಿ ಪುಡಿಯಾಗಿ ಮತ್ತೆ ತಳದಲ್ಲಿ ಕೂರಬಹುದು.

6. ಚೆಲ್ಲಿ, ಮೆತ್ತಗಿನ ಸ್ಪಂಜಿನಿಂದ ಒರೆಸಿ. ಎರಡು ಮೂರು ಬಾರಿ ತೊಳೆಯಿರಿ. ಕೆಟಲ್‌ನ ತಳ, ಪ್ಲಗ್, ಸ್ಟ್ಯಾಂಡ್ ಒದ್ದೆಯಾಗಬಾರದು. ಕೆಟಲನ್ನು ನೀರಿನಲ್ಲಿ ಮುಳುಗಿಸಿ ತೊಳೆಯಬೇಡಿ.

7. ಹೊರಭಾಗ ಪೂರ್ತಿ ಒಣಗಿದ ಮೇಲೆ ಹೊಸ ನೀರು ತುಂಬಿ ಒಮ್ಮೆ ಕುದಿಸಿ ಚೆಲ್ಲಿ. ಅದರ ನಂತರದ ನೀರು ಕುಡಿಯಲು ಸರಿ.

15 ಗ್ರಾಂ ನಿಂಬೆ ಉಪ್ಪು ಹೆಚ್ಚೆಂದರೆ 11–12 ಗ್ರಾಂ ಸುಣ್ಣವನ್ನು ಕರಗಿಸಬಲ್ಲದು. ತಿಂಗಳುಗಟ್ಟಲೆ ಬಿಟ್ಟ ದಪ್ಪ ಪದರ ಒಂದೇ ಸಲಕ್ಕೆ ಹೋಗದಿದ್ದರೆ ಹಳೆಯ ನೀರು ಚೆಲ್ಲಿ ಹೊಸದಾಗಿ ಇನ್ನೊಮ್ಮೆ ಮಾಡಿ. ಚಾಕು, ಸ್ಕ್ರೂಡ್ರೈವರ್, ಸ್ಟೀಲ್ ನಾರಿನಿಂದ ಕೆರೆಯಬೇಡಿ. ಗೀರು ಬಿದ್ದ ಕಡೆ ಮುಂದಿನ ಪದರ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ನಿಂಬೆ ಉಪ್ಪು ಸಿಗದಿದ್ದರೆ

ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಒಂದು ಗಂಟೆ ನೆನೆಸಿ ಚೆಲ್ಲಬಹುದು. ವಿನೆಗರನ್ನು ಕುದಿಸಬೇಡಿ. ಅದರ ಘಾಟು ಗಂಟಲು ಕೆರೆಯುತ್ತದೆ. ಆಸ್ತಮಾ, ಸಿಒಪಿಡಿ ಇರುವವರಿಗೆ ಕೆಮ್ಮು, ಉಬ್ಬಸ ಹೆಚ್ಚಬಹುದು. ವಾಸನೆ ಹೋಗಲು ಹೊಸ ನೀರನ್ನು ಎರಡು ಬಾರಿ ಕುದಿಸಿ ಚೆಲ್ಲಬೇಕಾಗುತ್ತದೆ.

ತೆಳು ಪದರಕ್ಕೆ ಎರಡು ಮೂರು ನಿಂಬೆಹಣ್ಣಿನ ಸೋಸಿದ ರಸವೂ ಆದೀತು. ಹುಣಸೆಹಣ್ಣು ಹಿತ್ತಾಳೆ, ತಾಮ್ರದ ಪಾತ್ರೆಗೆ ಚೆನ್ನ, ಕೆಟಲ್‌ಗೆ ಬೇಡ. ಬಣ್ಣ ಹಿಡಿಯುತ್ತದೆ, ತಿರುಳು ಮೂತಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಡುಗೆ ಸೋಡಾ ಕ್ಷಾರ, ಅದಕ್ಕೆ ಸುಣ್ಣ ಕರಗುವುದಿಲ್ಲ. ವಿನೆಗರ್ ಜೊತೆ ಸೋಡಾ ಬೆರೆಸಿದರೆ ನೊರೆ ಬಹಳ ಬರುತ್ತದೆ, ಆದರೆ ಒಂದು ಇನ್ನೊಂದರ ಶಕ್ತಿಯನ್ನು ಕಳೆದುಬಿಡುತ್ತದೆ.

ಇವನ್ನು ಎಂದಿಗೂ ಬಳಸಬೇಡಿ

ಶೌಚಾಲಯ, ಬಾತ್‌ರೂಮ್ ತೊಳೆಯುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣವನ್ನು ಅದು ಕ್ಷಣದಲ್ಲಿ ಕರಗಿಸುತ್ತದೆ ನಿಜ. ಆದರೆ ಸ್ಟೀಲನ್ನೂ ತಿಂದು ಸಣ್ಣ ಗುಳಿ ಮಾಡುತ್ತದೆ, ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಸಂದಿಗಳಲ್ಲಿ ಉಳಿದದ್ದು ರೋಗಿಯ ಲೋಟಕ್ಕೆ ಬರಬಹುದು. ಕುಡಿಯುವ ನೀರಿನ ಪಾತ್ರೆಗೆ ಅದು ಹನಿಯೂ ಬೇಡ.

ರೋಗಿಯ ಕೋಣೆ ಒರೆಸಲು ಅನೇಕ ಮನೆಗಳಲ್ಲಿ ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣ ಇರುತ್ತದೆ. ಅದಕ್ಕೆ ಯಾವುದೇ ಆಮ್ಲ ಸೇರಿದರೆ, ವಿನೆಗರ್ ಅಥವಾ ನಿಂಬೆ ಉಪ್ಪು ಸೇರಿದರೂ, ಕ್ಲೋರಿನ್ ಅನಿಲ ಹೊರಡುತ್ತದೆ. ಅದು ವಿಷಾನಿಲ. ಕೆಟಲ್‌ನ ಹುಳಿ ನೀರನ್ನು ಬ್ಲೀಚ್ ಹಾಕಿದ ಬಕೆಟ್, ಸಿಂಕ್ ಅಥವಾ ಕಮೋಡ್‌ಗೆ ಸುರಿಯಬೇಡಿ.

ರೋಗಿ ಇರುವ ಮನೆಯಲ್ಲಿ ಇಷ್ಟು ಎಚ್ಚರ

ಹುಳಿ ನೀರು ನೋಡಲು ಸಾದಾ ನೀರಿನಂತೆಯೇ ಇರುತ್ತದೆ. ಕೆಟಲ್ ನೆನೆಯುತ್ತಿರುವಾಗ ಅತ್ತೆಯವರೋ ಮಾವನವರೋ ಎದ್ದು ಬಂದು ಅದರಲ್ಲೇ ಚಹಾ ಮಾಡಿಕೊಳ್ಳಬಹುದು. ಮರೆವಿನ ಕಾಯಿಲೆ ಇರುವವರ ಮನೆಯಲ್ಲಿ ಈ ಸಾಧ್ಯತೆ ಇನ್ನೂ ಹೆಚ್ಚು. ಕೆಟಲನ್ನು ಅದರ ಜಾಗದಿಂದ ಎತ್ತಿ ಬೇರೆ ಕಡೆ ಇಡಿ, ಮುಚ್ಚಳ ತೆರೆದಿಡಿ, "ಕುಡಿಯಬೇಡಿ" ಎಂದು ಮನೆಯವರಿಗೆಲ್ಲ ಓದಲು ಬರುವ ಭಾಷೆಯಲ್ಲಿ ಚೀಟಿ ಅಂಟಿಸಿ. ಮನೆಗೆ ಬರುವ ನರ್ಸ್ ಅಥವಾ ಕೆಲಸದವರಿಗೆ ಬಾಯಿಬಿಟ್ಟು ಹೇಳಿ. ಆ ಹೊತ್ತಿಗೆ ಬೇಕಾದ ಬಿಸಿನೀರನ್ನು ಮೊದಲೇ ಫ್ಲಾಸ್ಕ್‌ಗೆ ತುಂಬಿಡಿ.

ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಿದ್ದರೆ, ಆ ನೀರಿನಲ್ಲಿ ಸುಣ್ಣದ ಚೂರು ಇರಬಾರದು. ತಿಳಿ ನೀರನ್ನು ಸೋಸಿ ಬಳಸಿ. ಕೆಟಲ್ ನೀರನ್ನು ನೆಬ್ಯುಲೈಸರ್‌ಗೆ ಹಾಕಬೇಡಿ, ಅದಕ್ಕೆ ವೈದ್ಯರು ಬರೆದ ಔಷಧಿ ಮತ್ತು ಸ್ಟೆರೈಲ್ ಸಲೈನ್ ಮಾತ್ರ. ಸಿಪ್ಯಾಪ್ ಯಂತ್ರದ ನೀರಿನ ತೊಟ್ಟಿಗೆ ಡಿಸ್ಟಿಲ್ಡ್ ನೀರು ಹಾಕಿ, ಅದರ ಬಿಳಿ ಕಲೆ ತೆಗೆಯುವಾಗ ಕಂಪನಿಯ ಕೈಪಿಡಿಯನ್ನೇ ಅನುಸರಿಸಿ. ಕುದಿಯುವ ಕೆಟಲ್ ಮುಂದೆ ಕೂತು ಹಬೆ ತೆಗೆದುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ. ಮುಚ್ಚಳ ತೆರೆದಿದ್ದರೆ ಹಬೆ ಸ್ವಿಚ್‌ಗೆ ತಲುಪದೆ ಕೆಟಲ್ ಆಫ್ ಆಗುವುದಿಲ್ಲ, ಮಗುಚಿದರೆ ಸುಡುತ್ತದೆ.

ಪದರ ಕಟ್ಟದಿರಲಿ ಎಂದು ಅಪಾರ್ಟ್‌ಮೆಂಟುಗಳಲ್ಲಿ ನೀರು ಮೆದುಗೊಳಿಸುವ ಸಾಫ್ಟ್‌ನರ್ ಹಾಕಿಸುತ್ತಾರೆ. ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. 100 ಮಿಲಿಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಿಮ್ಮ ರೋಗಿಗೆ ಉಪ್ಪು ಕಡಿಮೆ ಮಾಡಲು ಹೇಳಿದ್ದರೆ ಕುಡಿಯುವ ನೀರು ಸಾಫ್ಟ್‌ನರ್ ದಾಟಿ ನೇರವಾಗಿ ಬರುತ್ತಿದೆಯೇ ಎಂದು ಸೊಸೈಟಿಯಲ್ಲಿ ವಿಚಾರಿಸಿ, ಹಾಗಿದ್ದರೆ ವೈದ್ಯರಿಗೆ ತಿಳಿಸಿ.

ಇನ್ನೊಂದು ಮಾತು. ಕೆಟಲ್ ಬೆಳ್ಳಗಾಗದಿದ್ದರೆ ನೀರು ಶುದ್ಧ ಎಂದರ್ಥವಲ್ಲ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಹೋಗುವುದಿಲ್ಲ. ಬೋರ್‌ವೆಲ್ ನೀರು ಕುಡಿಯುವವರು ಅದನ್ನು ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಅವಘಡ ಆದರೆ

- ನಿಂಬೆ ಉಪ್ಪು ಅಥವಾ ವಿನೆಗರ್ ಬೆರೆಸಿದ ನೀರನ್ನು ಒಂದೆರಡು ಗುಟುಕು ಕುಡಿದಿದ್ದರೆ ಬಾಯಿ ಮುಕ್ಕಳಿಸಿ, ಸ್ವಲ್ಪ ನೀರು ಕುಡಿಯಲು ಕೊಡಿ. ವಾಂತಿ ಮಾಡಿಸಬೇಡಿ. ಎದೆ ಅಥವಾ ಹೊಟ್ಟೆ ಉರಿ, ವಾಂತಿ, ನುಂಗಲು ಕಷ್ಟ ಕಂಡರೆ ಆಸ್ಪತ್ರೆಗೆ ಹೋಗಿ.
- ಬಾತ್‌ರೂಮ್ ಆಸಿಡ್ ನುಂಗಿದ್ದರೆ ಲಕ್ಷಣಕ್ಕಾಗಿ ಕಾಯಬೇಡಿ. ವಾಂತಿ ಮಾಡಿಸಬೇಡಿ, ಬಾಟಲಿಯನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.
- ಕಣ್ಣಿಗೆ ಸಿಡಿದರೆ ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.
- ಬಿಸಿನೀರು ಬಿದ್ದು ಸುಟ್ಟರೆ 20 ನಿಮಿಷ ತಣ್ಣೀರಿನ ಧಾರೆಯಲ್ಲಿ ಹಿಡಿಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ ಹಚ್ಚಬೇಡಿ.
- ಕ್ಲೋರಿನ್ ಘಾಟು ಬಂದರೆ ಎಲ್ಲರನ್ನೂ ಹೊರಗೆ ಕರೆತಂದು ಕಿಟಕಿ-ಬಾಗಿಲು ತೆರೆಯಿರಿ. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಸಹಾಯ ಕರೆಯಿರಿ.

ತುರ್ತು ಸಹಾಯಕ್ಕೆ ದೇಶದಾದ್ಯಂತ 112ಕ್ಕೆ ಕರೆ ಮಾಡಬಹುದು. ವಿಷಪ್ರಾಶನದ ಬಗ್ಗೆ ಸಲಹೆಗೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಎಷ್ಟು ದಿನಕ್ಕೊಮ್ಮೆ?

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿದ್ದರೆ ಎರಡು ಮೂರು ವಾರಕ್ಕೊಮ್ಮೆ, ಮೆದು ನೀರಿದ್ದರೆ ಎರಡು ತಿಂಗಳಿಗೊಮ್ಮೆ ಸಾಕು. ಆರ್‌ಒ ನೀರು ಕುದಿಸುವವರಿಗೆ ಇನ್ನೂ ಅಪರೂಪಕ್ಕೆ ಬೇಕಾಗುತ್ತದೆ. ಪದರ ತೆಳುವಾಗಿರುವಾಗಲೇ ತೆಗೆದರೆ ಅರ್ಧ ಚಮಚ ನಿಂಬೆ ಉಪ್ಪು, ಕಾಲು ಗಂಟೆ ಸಾಕು. ರಾತ್ರಿ ಮಲಗುವ ಮುನ್ನ ಉಳಿದ ನೀರು ಚೆಲ್ಲಿ, ಮುಚ್ಚಳ ತೆರೆದು ಒಣಗಲು ಬಿಟ್ಟರೆ ಪದರ ನಿಧಾನವಾಗಿ ಕಟ್ಟುತ್ತದೆ. ರೋಗಿಯ ಮಾತ್ರೆಗಳ ಪಟ್ಟಿ ಅಂಟಿಸಿರುವ ಕಡೆಯೇ ಕೆಟಲ್ ತೊಳೆದ ತಾರೀಖನ್ನೂ ಬರೆದಿಡಿ. ಆರೈಕೆ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಬದಲಾದಾಗ ಅದು ಅವರಿಗೂ ಉಪಯೋಗಕ್ಕೆ ಬರುತ್ತದೆ.